ಹೆಸರಿಗೊಂದು ಇಂಗ್ಲಿಷ್ ಪ್ರಾಸ: ರೈಮ್‌ಝೋನ್ ಮತ್ತದರ ಓರಗೆಯವನ್ನು ಎಷ್ಟು ನೆಚ್ಚಬಹುದು?

ಬರ್ತ್‌ಡೇ ಕಾರ್ಡಿಗೆ ನಾಲ್ಕು ಸಾಲು, ಆಫೀಸಿನ ಬೀಳ್ಕೊಡುಗೆಗೆ ಒಂದು ತಮಾಷೆ ಪದ್ಯ, ಶಿಶುವಿಹಾರದಲ್ಲಿ ಮಕ್ಕಳ ಹೆಸರು ಸೇರಿಸಿ ಹಾಡಿಸುವ ರೈಮ್. ಇವಕ್ಕೆಲ್ಲ ಬೇಕಾಗುವುದು ಹೆಸರಿಗೆ ಹೊಂದುವ ಒಂದೆರಡು ಇಂಗ್ಲಿಷ್ ಪದ. ಹುಡುಕಲು ಹೊರಟ ಬಹಳಷ್ಟು ಜನ ಮೊದಲು ಹೋಗಿ ನಿಲ್ಲುವುದು ರೈಮ್‌ಝೋನ್ ಎದುರು. 1996ರಿಂದ ನಡೆಯುತ್ತಿರುವ ಉಚಿತ ತಾಣ ಅದು, ಜಾಹೀರಾತುಗಳನ್ನು ಸಹಿಸಿಕೊಂಡರೆ ಸಾಕು. ಜೇನ್, ಮಾರ್ಕ್, ಮಾಲಿ ಎಂಬ ಹೆಸರುಗಳಿಗೆ ಪ್ರಾಸ ಬೇಕಿದ್ದವರು ಬೇರೆಲ್ಲೂ ಹೋಗಬೇಕಾಗಿಲ್ಲ. ರವಿ, ಗೀತಾ, ಸುನೀಲ್ ಎಂದು ಹುಡುಕುವವರೂ ಅಲ್ಲಿಗೇ ಹೋಗಬಹುದು, ಆದರೆ ಆ ಹೆಸರನ್ನು ಹುಡುಕುಪೆಟ್ಟಿಗೆಯಲ್ಲಿ ಟೈಪ್ ಮಾಡಬಾರದು. ಯಾಕೆ, ಬದಲಿಗೆ ಏನನ್ನು ಟೈಪ್ ಮಾಡಬೇಕು ಎಂಬುದರ ಸುತ್ತಲೇ ಈ ವಿಮರ್ಶೆ ಇದೆ. ಜೊತೆಗೆ ವಿಕ್ಷನರಿಯ ಪ್ರಾಸಪುಟಗಳು, ರೈಮರ್, ಬಿ-ರೈಮ್ಸ್, ಹಾಗೂ ಸ್ವಲ್ಪ ಕೋಡ್ ಬರೆಯಬಲ್ಲವರಿಗೆ ಪೈಥಾನಿನ ಒಂದು ಲೈಬ್ರರಿಯನ್ನೂ ಅಳೆದು ನೋಡಿದ್ದೇವೆ.

ಇಂಗ್ಲಿಷ್ ಪ್ರಾಸ ಎಲ್ಲಿಂದ ಶುರು

ಕನ್ನಡದ ಕಿವಿ ಪ್ರಾಸವನ್ನು ಬೇರೆ ಜಾಗದಲ್ಲಿ ಹುಡುಕುತ್ತದೆ. ನಮ್ಮ ಹಳೆಯ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಬೇಕು, ಅದರ ಹಿಂದಿನ ಅಕ್ಷರ ಗುರುವೋ ಲಘುವೋ ಅದೂ ಹೊಂದಬೇಕು. ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟ ಮೇಲೆ ಅಂತ್ಯಪ್ರಾಸಕ್ಕೆ ಒಗ್ಗಿಕೊಂಡೆವು. ಆದರೂ ಕೊನೆಯ ಅಕ್ಷರವೊಂದು ಸೇರಿದರೆ ಪ್ರಾಸವಾಯಿತು ಎಂಬ ಭಾವನೆ ನಮ್ಮಲ್ಲಿ ಉಳಿದುಕೊಂಡಿದೆ. ಇಂಗ್ಲಿಷಿಗೆ ಅಷ್ಟು ಸಾಲದು. ಪದದಲ್ಲಿ ಕೊನೆಯದಾಗಿ ಒತ್ತು ಬೀಳುವ ಸ್ವರ ಯಾವುದೋ ಅಲ್ಲಿಂದ ತುದಿಯವರೆಗೆ ಪ್ರತಿಯೊಂದು ಧ್ವನಿಯೂ ಒಂದೇ ಆಗಿರಬೇಕು, ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಿರಬೇಕು. ಒತ್ತಿನ ಸ್ವರದಿಂದ ತುದಿಯವರೆಗಿನ ಈ ಭಾಗವನ್ನು ಇಲ್ಲಿ ಬಾಲ ಎಂದು ಕರೆಯೋಣ. ‘ಮೀನಾ’ದ ಬಾಲ ‘ಈನಾ’. ‘ಕಮಲಾ’ದಲ್ಲಿ ಒತ್ತು ಮೊದಲ ಅಕ್ಷರದ ಮೇಲಿರುವುದರಿಂದ ಬಾಲ ‘ಅಮಲಾ’, ಬರೀ ‘ಲಾ’ ಅಲ್ಲ. ಬಾಲ ಉದ್ದವಾದಷ್ಟೂ ಸಿಗುವ ಪದ ಕಡಿಮೆ. ಜೇನ್‌ಗೆ ರೇನ್, ಟ್ರೇನ್, ಲೇನ್, ಕ್ರೇನ್ ಎಂದು ಪುಟ ತುಂಬುತ್ತದೆ, ಒಲಿವಿಯಾಗೆ ಬೊಲಿವಿಯಾ ಮತ್ತು ಟ್ರಿವಿಯಾ ಸಿಕ್ಕರೆ ಪುಣ್ಯ. ಆಲಿವರ್‌ಗೆ ನಿತ್ಯ ಬಳಕೆಯ ಒಂದು ಪದವೂ ಇಲ್ಲ.

ಹಿಂದಿನ ವ್ಯಂಜನ ಬೇರೆಯಿರಬೇಕು ಎಂಬ ನಿಯಮವನ್ನು ಯಾವ ತಾಣವೂ ನಿಮ್ಮ ಪರವಾಗಿ ಕಾಯುವುದಿಲ್ಲ. ‘ಸುನೀಲ್’ಗೆ ವ್ಹೀಲ್, ಫೀಲ್, ಮೀಲ್, ಸ್ಟೀಲ್ ಸರಿ. ಅದೇ ಪಟ್ಟಿಯಲ್ಲಿ ಮಂಡಿಯೂರುವುದಕ್ಕೆ ಹೇಳುವ ‘ನೀಲ್’ ಕೂಡ ಇರುತ್ತದೆ. ಅದು ಸುನೀಲನ ಕೊನೆಯ ಅಕ್ಷರವೇ ಮತ್ತೆ ಬಂದಂತೆ, ಕೇಳುಗರಿಗೆ ಪ್ರಾಸದ ಖುಷಿ ಸಿಗುವುದಿಲ್ಲ. ನವೀನ್ ಮತ್ತು ಪ್ರವೀಣ್ ಒಂದೇ ಆಫೀಸಿನಲ್ಲಿದ್ದರೆ ಇಬ್ಬರನ್ನೂ ಎರಡು ಸಾಲಿನ ತುದಿಗೆ ಕೂರಿಸುವ ಆಸೆಯಾಗುತ್ತದೆ. ಇಂಗ್ಲಿಷ್ ಬಾಯಲ್ಲಿ ಣ, ನ ಎರಡೂ ಒಂದೇ ಆದ್ದರಿಂದ ಅಲ್ಲೂ ‘ವೀನ್’ ‘ವೀನ್’ ಎಂದಷ್ಟೇ ಕೇಳುತ್ತದೆ. ಗ್ರೀನ್, ಕ್ವೀನ್, ಮಶೀನ್, ಕೆಫೀನ್, ಬಿಟ್ವೀನ್ ಎಂದು ಇಷ್ಟೊಂದು ಪದಗಳಿರುವಾಗ ಆ ಗೊಡವೆ ಬೇಡ.

ರೈಮ್‌ಝೋನಿನ ಬೆನ್ನ ಹಿಂದೆ ಇರುವುದೇನು

ರೈಮ್‌ಝೋನನ್ನು ನಡೆಸುವುದು ಡೇಟಾಮ್ಯೂಸ್. ಇದು ಧ್ವನಿಗಳಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಕೋಶವನ್ನು ನೆಚ್ಚಿಕೊಂಡಿದೆ. ಆ ಕೋಶದಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ. ಪ್ರತಿ ಪದವನ್ನೂ 39 ಧ್ವನಿಗಳಲ್ಲಿ ಒಡೆದು ಬರೆದಿದ್ದಾರೆ, ಪ್ರತಿ ಸ್ವರದ ಪಕ್ಕದಲ್ಲಿ ಒಂದು ಅಂಕಿ ಇಟ್ಟಿದ್ದಾರೆ: 1 ಎಂದರೆ ಮುಖ್ಯ ಒತ್ತು, 2 ಎಂದರೆ ಉಪ ಒತ್ತು, 0 ಎಂದರೆ ಒತ್ತಿಲ್ಲ. ಇಲ್ಲಿ ಎರಡು ಸಂಗತಿ ನೆನಪಿಡಬೇಕು. ಒಂದು, ಕೋಶದ ಉಚ್ಚಾರ ಉತ್ತರ ಅಮೆರಿಕದ್ದು. ಎರಡು, ಹೆಸರುಗಳು ಧಾರಾಳವಾಗಿದ್ದರೂ ಅವು ಅಮೆರಿಕದಲ್ಲಿ ಓಡಾಡುವ ಹೆಸರುಗಳು. ನಮ್ಮ ಹೆಸರು ಅಲ್ಲಿದ್ದರೂ ಅಮೆರಿಕದವರು ಉಚ್ಚರಿಸುವ ರೀತಿಯಲ್ಲೇ ಇರುತ್ತದೆ.

ಕೋಶದಲ್ಲಿ ಹೆಸರೇ ಇಲ್ಲದಿದ್ದರೆ ಯಾವ ಸಾಧನವಾದರೂ ಎರಡರಲ್ಲೊಂದು ಮಾಡುತ್ತದೆ. ಇಲ್ಲ ಎಂದು ಕೈಯಾಡಿಸುತ್ತದೆ, ಇಲ್ಲವೇ ಸ್ಪೆಲ್ಲಿಂಗ್ ನೋಡಿ ಉಚ್ಚಾರವನ್ನು ಊಹಿಸುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಉತ್ತರವೇನೋ ಬಂದಿರುತ್ತದೆ, ತಪ್ಪೆಂದು ಗೊತ್ತಾಗುವುದು ಓದಿ ಹೇಳುವ ಹೊತ್ತಿಗೆ.

‘ರವಿ’ಯನ್ನೇ ತೆಗೆದುಕೊಳ್ಳಿ. ಸ್ಪೆಲ್ಲಿಂಗ್ ನೋಡಿದರೆ ನೇವಿ, ಗ್ರೇವಿ, ವೇವಿ ನೆನಪಾಗುತ್ತವೆ. ಮೂರೂ ಕಣ್ಣಿಗಷ್ಟೇ ಪ್ರಾಸ. ಇಂಗ್ಲಿಷರು ಈ ಹೆಸರನ್ನು ‘ರಾವಿ’ ಎನ್ನುತ್ತಾರೆ. ಆ ಬಾಲಕ್ಕೆ ಸೇರುವುದು ‘ಅಗಾವಿ’, ಅಂದರೆ ಕತ್ತಾಳೆ ಜಾತಿಯ ಗಿಡ, ಮತ್ತು ಕ್ಯಾಲಿಫೋರ್ನಿಯಾ ಕಡೆಯ ಮರುಭೂಮಿ ‘ಮೊಹಾವಿ’. ನಮ್ಮ ಬಾಯಲ್ಲಿ ರವಿ ಹ್ರಸ್ವ. ಅದಕ್ಕೆ ಪ್ರಾಸ ‘ಲವಿ-ಡವಿ’, ಹಾಗೂ ಕೌಜುಗದಂಥ ಹಕ್ಕಿಗಳ ಪುಟ್ಟ ಗುಂಪಿಗೆ ಹೇಳುವ ‘ಕವಿ’. ಒಂದೇ ಹೆಸರಿಗೆ ಎರಡು ಕುಟುಂಬಗಳು, ಒಂದರ ಪದ ಇನ್ನೊಂದಕ್ಕೆ ಸಲ್ಲದು. ಪದ್ಯವನ್ನು ಯಾರು ಓದುತ್ತಾರೆ, ಯಾರು ಕೇಳುತ್ತಾರೆ ಎಂದು ಮೊದಲೇ ತೀರ್ಮಾನಿಸಬೇಕು. ಆ ತೀರ್ಮಾನ ತಾಣದ ಕೆಲಸವಲ್ಲ, ಬರೆಯುವವರ ಕೆಲಸ.

ಹೆಸರಿನ ಬದಲು ಬದಲಿ ಪದ

ಹೆಸರನ್ನು ಜೋರಾಗಿ ಹೇಳಿ ಒತ್ತು ಎಲ್ಲಿದೆ ನೋಡಿ, ಬಾಲವನ್ನು ಬಿಡಿಸಿಕೊಳ್ಳಿ. ಅದೇ ಬಾಲವಿರುವ ಒಂದು ಸಾಮಾನ್ಯ ಇಂಗ್ಲಿಷ್ ಪದ ನೆನಪಿಸಿಕೊಂಡು ಅದನ್ನು ಹುಡುಕುಪೆಟ್ಟಿಗೆಗೆ ಹಾಕಿ. ಮೀನಾ, ವೀಣಾ, ರೀನಾಗಳಿಗೆ ‘ಅರೀನಾ’ ಹಾಕಿದರೆ ಹೈಯೀನಾ, ಮರೀನಾ, ಬ್ಯಾಲರೀನಾ, ಕಾನ್ಸರ್ಟೀನಾ ಎಲ್ಲ ಬರುತ್ತವೆ. ವಕೀಲೆ ವೀಣಾ ಅವರ ಬೀಳ್ಕೊಡುಗೆಯಾದರೆ ಸಮನ್ಸಿನ ಅಣ್ಣನಾದ ‘ಸಪೀನಾ’ ಕೂಡ ಅಲ್ಲೇ ಕೂತಿರುತ್ತದೆ. ಸುನೀಲ್‌ಗೆ ‘ವ್ಹೀಲ್’, ನವೀನ್‌ಗೆ ‘ಗ್ರೀನ್’, ವಿವೇಕ್‌ಗೆ ‘ಕೇಕ್’, ಅಜಯ್‌ಗೆ ‘ಡೇ’. ರಾಮ, ಶ್ಯಾಮರಿಗೆ ‘ಡ್ರಾಮಾ’: ಲಾಮಾ, ಪಜಾಮಾ, ಅಮೆರಿಕದ ಬಾಯಲ್ಲಾದರೆ ‘ಕಾಮಾ’ ಕೂಡ. ಸುಜಾತಾಗೆ ‘ಸೊನಾಟಾ’, ಮಾಯಾಗೆ ‘ಪಪಾಯಾ’. ಮಾಯಾಗೆ ಹಿಮಾಲಯ ಸೇರುತ್ತದೆಂದು ನಮಗನ್ನಿಸಬಹುದು. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ‘ಹಿಮಲೇಯ’, ಹಾಗಾಗಿ ಸೇರದು. ಪ್ರಿಯಾಗೆ ‘ಮರೀಯಾ’, ‘ಕೊರೀಯಾ’, ‘ಐಡೀಯಾ’. ಕೊನೆಯದರಲ್ಲಿ ಒತ್ತು ‘ಡೀ’ ಮೇಲಿರಬೇಕು, ನಾವು ಹೇಳುವಂತೆ ‘ಐ’ ಮೇಲಲ್ಲ.

ಪಟ್ಟಿ ಬಂದ ಮೇಲೆ ರೈಮ್‌ಝೋನಿನ ಎರಡು ಅನುಕೂಲಗಳು ಕಾಣುತ್ತವೆ. ಪದಗಳನ್ನು ಉಚ್ಚಾರಾಂಶಗಳ ಎಣಿಕೆಯಂತೆ ಗುಂಪು ಮಾಡಿರುತ್ತಾರೆ, ಒಂದರವು ಮೊದಲು, ಎರಡರವು ಆಮೇಲೆ, ಹೀಗೆ. ಸಾಲಿನ ತೂಕ ಕೂರಿಸುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಹೆಚ್ಚು ಬಳಕೆಯ ಪದಗಳು ದಪ್ಪಕ್ಷರದಲ್ಲಿ, ಅಪರೂಪದವು ಮಸುಕಾಗಿ ಇರುತ್ತವೆ. ಬರ್ತ್‌ಡೇ ಪದ್ಯಕ್ಕೆ ದಪ್ಪಕ್ಷರದವು ಸಾಕು. ಮಸುಕು ಪದಗಳಲ್ಲಿ ಅರ್ಧದಷ್ಟು ಊರಿನ ಹೆಸರು, ಮನೆತನದ ಹೆಸರು, ಯಾರೂ ಕೇಳಿರದ ವಿಜ್ಞಾನದ ಪದಗಳು. ಅವನ್ನು ತಂದು ತುರುಕಿದರೆ ಪದ್ಯಕ್ಕೊಂದು ಅಡಿಟಿಪ್ಪಣಿ ಬೇಕಾದೀತು. ಪೂರ್ಣ ಪ್ರಾಸ ಸಾಲದಾದರೆ ಮೇಲಿನ ಆಯ್ಕೆಯನ್ನು ಸಮೀಪ ಪ್ರಾಸಕ್ಕೆ ಬದಲಿಸಬಹುದು. ಹಾಡಿಗೆ ಅದು ನಡೆಯುತ್ತದೆ, ಕಾರ್ಡಿನಲ್ಲಿ ಅಚ್ಚಾಗುವ ಪದ್ಯಕ್ಕೆ ಕಷ್ಟ.

ನಮ್ಮ ಕಡೆಯವರಿಗೇ ಮೀಸಲಾದ ತೊಡಕೊಂದಿದೆ. ದಕ್ಷಿಣದಲ್ಲಿ ನಾವು ‘ತ’ಕಾರವನ್ನು ಟಿ-ಎಚ್ ಎಂದು ಬರೆಯುತ್ತೇವೆ: ಗೀತಾ, ಲತಾ, ಸವಿತಾ, ಮಮತಾ. ಇಂಗ್ಲಿಷ್ ತಾಣಕ್ಕೆ ಟಿ-ಎಚ್ ಎಂದರೆ ‘ಥಿನ್’ ಪದದ ಮೊದಲ ಧ್ವನಿ. ಹಾಗೆ ಟೈಪ್ ಮಾಡಿದ ಗೀತಾಗೆ ಬರುವ ಊಹೆಯ ಪಟ್ಟಿ ಬೇರೆಯೇ ದಾರಿ ಹಿಡಿಯುತ್ತದೆ. ಇಲ್ಲೂ ಬದಲಿ ಪದವೇ ಮದ್ದು. ಗೀತಾಗೆ ‘ಚೀಟಾ’ ಎಂದು ಹಾಕಿ, ಸಿ-ಎಚ್-ಇ-ಇ-ಟಿ-ಎ-ಎಚ್. ಪೀಟಾ, ಫಹೀಟಾ, ಮಾರ್ಗರೀಟಾ, ಸೆನ್ಯೊರೀಟಾ ಬರುತ್ತವೆ, ಇಡೀ ಒಂದು ಹೋಟೆಲಿನ ಮೆನು. ನಮ್ಮ ಛಂದಸ್ಸಿನಲ್ಲಿ ತ-ಟ ಸೇರಿಸಿದರೆ ಪ್ರಾಸಭಂಗ. ಇಂಗ್ಲಿಷ್ ಮಾತಾಡುವವರು ಗೀತಾಳನ್ನೇ ‘ಗೀಟಾ’ ಮಾಡಿರುವುದರಿಂದ ಅವರ ಕಿವಿಗೆ ತೊಂದರೆಯಿಲ್ಲ, ಧಾರವಾಡದ ಅಜ್ಜಿಯ ಕಿವಿಗೆ ಆದೀತು.

ಒತ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಂದಿನಿ ಒಳ್ಳೆಯ ಉದಾಹರಣೆ. ನಮ್ಮ ನಂದಿನಿಯಲ್ಲಿ ಒತ್ತು ‘ನಂ’ ಮೇಲೆ, ಬಾಲ ಮೂರು ಅಕ್ಷರದ್ದು, ಪೂರ್ಣ ಪ್ರಾಸ ಇಲ್ಲವೇ ಇಲ್ಲ. ವಿದೇಶದ ಟೀಚರೊಬ್ಬರು ‘ನಂದೀನಿ’ ಎಂದ ಕೂಡಲೇ ಬಿಕೀನಿ, ಝುಕೀನಿ, ಪನೀನಿ, ಮಾರ್ಟೀನಿ ಎಲ್ಲವೂ ಬಾಗಿಲಿಗೆ ಬರುತ್ತವೆ. ಈ ಹೆಸರಿಗೆ ಯಾವುದಾದರೂ ಪಟ್ಟಿ ಇವನ್ನೆಲ್ಲ ಕೊಟ್ಟರೆ ಅದು ಹೆಸರನ್ನು ತಪ್ಪಾಗಿ ಓದಿದೆ ಎಂದರ್ಥ. ‘ಅಮಿತ್’ ಕೂಡ ಹಾಗೇ. ಒತ್ತು ಮೊದಲ ಅಕ್ಷರದ ಮೇಲಿದ್ದರೆ ಶಿಖರಕ್ಕೆ ಹೇಳುವ ‘ಸಮಿಟ್’ ಅಚ್ಚುಕಟ್ಟಾಗಿ ಕೂರುತ್ತದೆ. ಕೊನೆಯ ಅಕ್ಷರದ ಮೇಲಿದ್ದರೆ ಸಿಟ್, ಫಿಟ್, ಕ್ವಿಟ್. ಅಡ್ಮಿಟ್, ಪರ್ಮಿಟ್ ಬೇಡ, ‘ಮಿಟ್’ ‘ಮಿಟ್’ ಎಂದು ಸುನೀಲನ ‘ನೀಲ್’ ಪ್ರಸಂಗವೇ ಮರುಕಳಿಸುತ್ತದೆ.

ಪಾಶ್ಚಾತ್ಯ ಹೆಸರುಗಳೆಲ್ಲ ಸಲೀಸು ಎಂದೂ ಅಲ್ಲ. ಐರ್ಲೆಂಡಿನ ‘ನೀವ್’ ಎಂಬ ಹೆಸರನ್ನು ಎನ್-ಐ-ಎ-ಎಂ-ಎಚ್ ಎಂದು ಬರೆಯುತ್ತಾರೆ, ಪ್ರಾಸ ಮಾತ್ರ ಲೀವ್, ಸ್ಲೀವ್, ಬಿಲೀವ್. ಫೀಬಿಗೆ ‘ಫ್ರೀಬಿ’. ಇಂಥ ಹೆಸರುಗಳಿಗೂ ಬದಲಿ ಪದದ ಹಾದಿಯೇ ಕ್ಷೇಮ.

ಯಾರ ಇಂಗ್ಲಿಷು?

ರೈಮ್‌ಝೋನಿನ ಬಗ್ಗೆ ನಮ್ಮ ದೊಡ್ಡ ತಕರಾರು ಇದೇ: ಅದು ಅಮೆರಿಕದ ಕಿವಿ. ‘ಹ್ಯಾನಾ’ಗೆ ‘ಬನ್ಯಾನಾ’ ಕೊಡುತ್ತದೆ. ಅಮೆರಿಕದಲ್ಲಿ ಪಕ್ಕಾ ಪ್ರಾಸ, ಬ್ರಿಟನ್ನಿನಲ್ಲಿ ಅದು ‘ಬನಾನಾ’, ಹ್ಯಾನಾಗೆ ಸೇರುವುದಿಲ್ಲ. ‘ತಾರಾ’ ಇದಕ್ಕೆ ತಿರುಗುಮುರುಗು. ಬ್ರಿಟಿಷ್ ಉಚ್ಚಾರದಲ್ಲಿ ಟಿಯಾರಾ, ಮಸ್ಕಾರಾ, ಸಹಾರಾ ಮೂರೂ ಒಪ್ಪುತ್ತವೆ. ಅಮೆರಿಕದಲ್ಲಿ ಮಸ್ಕಾರಾ ‘ಮಸ್ಕ್ಯಾರಾ’ ಆಗಿ ಕೈಕೊಡುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯ ‘ರಾಜ್’ನದು. ಅಮೆರಿಕದವರು ‘ಲಾಡ್ಜ್’, ‘ಡಾಡ್ಜ್’ ಎಂದು ಬಾಯಿ ತೆರೆದು ಹೇಳುವುದರಿಂದ ಲಾಡ್ಜ್-ರಾಜ್ ಪ್ರಾಸ. ಬ್ರಿಟನ್ನಿನಲ್ಲಿ ಆ ಸ್ವರ ಹ್ರಸ್ವವೂ ಗುಂಡಗೂ ಆಗಿರುವುದರಿಂದ ಲಾಡ್ಜ್ ಸೇರದು. ಬದಲಿಗೆ ಅವರು ರಕಾರವನ್ನು ನುಂಗಿ ‘ಲಾಜ್’, ‘ಚಾಜ್’, ‘ಬಾಜ್’ ಎನ್ನುತ್ತಾರೆ, ಹಾಗಾಗಿ ಅಲ್ಲಿ ಲಾರ್ಜ್, ಚಾರ್ಜ್, ಬಾರ್ಜ್ ಮೂರೂ ರಾಜ್‌ಗೆ ಪೂರ್ಣ ಪ್ರಾಸ. ‘ರಾಜ್ ಇನ್ ಚಾರ್ಜ್’ ಲಂಡನ್ನಿನಲ್ಲಿ ಚೆನ್ನ. ಬೆಂಗಳೂರಿನಲ್ಲಿ ನಾವು ರಕಾರವನ್ನು ಸ್ಪಷ್ಟವಾಗಿ ನುಡಿಯುವವರು, ಇಲ್ಲಿ ಅದು ಸಮೀಪ ಪ್ರಾಸ ಮಾತ್ರ. ರೈಮ್‌ಝೋನಿನಲ್ಲಿ ‘ಲಾಡ್ಜ್’ ಹಾಕಿದವರಿಗೆ ಲಾರ್ಜ್ ಕಾಣುವುದಿಲ್ಲ, ‘ಲಾರ್ಜ್’ ಹಾಕಿದವರಿಗೆ ಲಾಡ್ಜ್ ಕಾಣುವುದಿಲ್ಲ. ಎರಡನ್ನೂ ಬೇರೆ ಬೇರೆ ಹಾಕಿ ನೋಡಬೇಕು. ಇದೇ ಕಾರಣಕ್ಕೆ ಬ್ರಿಟನ್ನಿನಲ್ಲಿ ಗೀತಾಗೆ ಹೀಟರ್, ಮೀಟರ್, ಸ್ವೀಟರ್, ಸುಜಾತಾಗೆ ಸ್ಟಾರ್ಟರ್, ಉಮಾಗೆ ರೂಮರ್ ಎಲ್ಲ ತೆರೆದುಕೊಳ್ಳುತ್ತವೆ. ರಾಮನಿಗೆ ಕರ್ಮವೂ ಅಲ್ಲಿ ಪ್ರಾಸ, ಅವರು ಅದನ್ನು ‘ಕಾಮ’ ಎಂಬಂತೆ ಉಚ್ಚರಿಸುತ್ತಾರೆ. ಇದನ್ನು ಭಜನಾ ಮಂಡಳಿಯ ಪತ್ರಿಕೆಗೆ ಬಳಸದಿರುವುದು ಒಳ್ಳೆಯದು.

ವಿಕ್ಷನರಿಯ ಪ್ರಾಸಪುಟಗಳು

ಹೆಸರುಗಳ ಮಟ್ಟಿಗೆ ನಮ್ಮ ಮೆಚ್ಚುಗೆ ಹೆಚ್ಚು ಸಲ್ಲುವುದು ಇದಕ್ಕೆ. ಇಂಗ್ಲಿಷ್ ವಿಕ್ಷನರಿಯಲ್ಲಿ ಪ್ರಾಸಗಳಿಗೆ ಪ್ರತ್ಯೇಕ ವಿಭಾಗವಿದೆ. ಅಲ್ಲಿ ಪದ ಟೈಪ್ ಮಾಡುವುದಿಲ್ಲ, ಧ್ವನಿಯಿಂದಲೇ ಒಳಹೋಗುತ್ತೀರಿ: ಮೊದಲು ಒತ್ತಿನ ಸ್ವರ ಆರಿಸಿ, ಆಮೇಲೆ ಅದರ ಮುಂದಿನ ವ್ಯಂಜನ, ಆಮೇಲೆ ಉಳಿದದ್ದು. ‘ಈ’ ಸ್ವರದಿಂದ ಹೊರಟು ‘ಈನಾ’ ಪುಟ ತಲುಪಿದರೆ ಮೀನಾಳ ಬಂಧುಬಳಗ ಪೂರ್ತಿ ಒಂದೇ ಕಡೆ. ಹೆಸರು ಕೋಶದಲ್ಲಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ, ಸ್ಪೆಲ್ಲಿಂಗಿನ ಕಾಟವೂ ಇಲ್ಲ. ಇಲ್ಲೂ ಪದಗಳು ಉಚ್ಚಾರಾಂಶಗಳ ಲೆಕ್ಕದಲ್ಲಿ ಜೋಡಣೆಯಾಗಿವೆ. ಪುಟಗಳ ವಿಂಗಡಣೆ ಬಹುಮಟ್ಟಿಗೆ ಬ್ರಿಟಿಷ್ ಉಚ್ಚಾರವನ್ನು ಅನುಸರಿಸುತ್ತದೆ, ಆದ್ದರಿಂದ ರೈಮ್‌ಝೋನ್ ಬಿಟ್ಟದ್ದನ್ನು ಇದು ತುಂಬಿಕೊಡುತ್ತದೆ.

ಅಂತರರಾಷ್ಟ್ರೀಯ ಧ್ವನಿಲಿಪಿಯ ಹತ್ತಿಪ್ಪತ್ತು ಚಿಹ್ನೆಗಳನ್ನು ಕಲಿಯಬೇಕಾಗುವುದು ಇದರ ಕಷ್ಟ. ಸ್ವರ ಮತ್ತು ದೀರ್ಘವನ್ನು ಬೇರ್ಪಡಿಸಿ ಓದುವ ಅಭ್ಯಾಸ ಕನ್ನಡಿಗರಿಗೆ ಇರುವುದರಿಂದ ಅದು ಒಂದು ಮಧ್ಯಾಹ್ನದ ಕೆಲಸ. ಸ್ವಯಂಸೇವಕರು ತುಂಬುವ ಕೋಶವಾದ್ದರಿಂದ ಕೆಲವು ಪುಟ ಸಮೃದ್ಧ, ಕೆಲವು ಬಡಕಲು. ಬಳಕೆಯ ಪದ, ಅಪರೂಪದ ಪದ ಎಂಬ ವಿಂಗಡಣೆಯೂ ಇಲ್ಲ. ಹಾಗಾಗಿ ಬಾಲವನ್ನು ಇಲ್ಲಿ ಖಚಿತ ಮಾಡಿಕೊಂಡು, ಸಿಕ್ಕ ಪದಗಳಲ್ಲೊಂದನ್ನು ರೈಮ್‌ಝೋನಿಗೆ ಹಾಕಿ ಬಳಕೆಯ ಪದಗಳನ್ನು ಅಲ್ಲಿ ಆರಿಸುವುದು ನಮಗೆ ಕಂಡ ಒಳ್ಳೆಯ ಕ್ರಮ.

ರೈಮರ್, ಬಿ-ರೈಮ್ಸ್, ಮತ್ತು ಮಗುವಿಗೆ ಹೆಸರಿಡುವವರು

ರೈಮರ್ ಆರು ಬಗೆಯ ಪ್ರಾಸ ಕೊಡುತ್ತದೆ: ಅಂತ್ಯಪ್ರಾಸ, ಕೊನೆಯ ಉಚ್ಚಾರಾಂಶದ ಪ್ರಾಸ, ಎರಡರ, ಮೂರರ ಪ್ರಾಸ, ಆರಂಭದ ಪ್ರಾಸ, ಮೊದಲ ಉಚ್ಚಾರಾಂಶದ ಪ್ರಾಸ. ಕೊನೆಯ ಎರಡನ್ನು ನೋಡಿ ನಮ್ಮ ಆದಿಪ್ರಾಸ ಸಿಕ್ಕಿತೆಂದು ಹಿಗ್ಗಬೇಡಿ. ಅಲ್ಲಿ ಪದದ ಮೊದಲ ಧ್ವನಿಯೇ ಒಂದಾಗಿರಬೇಕು, ನಮ್ಮಲ್ಲಿ ಮೊದಲ ವ್ಯಂಜನಕ್ಕೆ ಲೆಕ್ಕವೇ ಇಲ್ಲ. ಬಿ-ರೈಮ್ಸ್ ಸಮೀಪ ಪ್ರಾಸಗಳಿಗೆ ಅಂಕ ಕೊಟ್ಟು ಸಾಲಾಗಿ ಇಡುತ್ತದೆ. ರ‍್ಯಾಪ್ ಬರೆಯುವವರಿಗೆ ಇಷ್ಟವಾಗಬಹುದು, ಹೆಸರಿನ ಕೆಲಸಕ್ಕೆ ಅಷ್ಟೇನೂ ಬೇಕಾಗದು.

ರೈಮರಿನ ಕೊನೆಯ ಉಚ್ಚಾರಾಂಶದ ಆಯ್ಕೆ ನಿಜಕ್ಕೂ ಉಪಯೋಗಕ್ಕೆ ಬರುವುದು ವಿದೇಶದಲ್ಲಿದ್ದು ಮಗುವಿಗೆ ಹೆಸರು ಹುಡುಕುತ್ತಿರುವ ಕನ್ನಡಿಗರಿಗೆ. ಶಾಲೆಯಲ್ಲಿ ಮಕ್ಕಳು ಅಡ್ಡಹೆಸರು ಕಟ್ಟುವುದು ಪ್ರಾಸದಿಂದಲೇ, ಅದೂ ಪೂರ್ಣ ಪ್ರಾಸವೇ ಬೇಕೆಂಬ ಹಟ ಅವರಿಗಿಲ್ಲ. ಹರ್ಷಿತ್, ರಕ್ಷಿತ್, ದೀಕ್ಷಿತ್‌ಗಳ ಕೊನೆಯ ಅಕ್ಷರ ಇಂಗ್ಲಿಷಿನ ಒಂದು ಬೈಗುಳಕ್ಕೆ ಎಷ್ಟು ಹತ್ತಿರವೆಂಬುದು ಊರಲ್ಲಿರುವವರಿಗೆ ಹೊಳೆಯುವುದಿಲ್ಲ. ಗೌರಿಯನ್ನು ನಾವು ಹೇಳಿದಂತೆ ಹೇಳಿದರೆ ಪ್ರಾಸ ಕವಡೆಗೆ ಹೇಳುವ ‘ಕೌರಿ’ ಮತ್ತು ವರದಕ್ಷಿಣೆಯ ‘ಡೌರಿ’. ಅಲ್ಲಿನವರು ‘ಗೋರಿ’ ಎಂದು ಓದಿದರೆ ಸ್ಟೋರಿ, ಗ್ಲೋರಿ ಚೆನ್ನಾಗಿಯೇ ಇವೆ, ಆ ಓದೇ ರಕ್ತಸಿಕ್ತ ಎಂಬರ್ಥದ ಪದವಾಗುತ್ತದೆ ಎಂಬುದಷ್ಟೇ ತೊಂದರೆ. ಪಾಶ್ಚಾತ್ಯ ಹೆಸರುಗಳಿಗೂ ಈ ಪರೀಕ್ಷೆ ಬೇಕು. ಬಿಲಿಗೆ ‘ಸಿಲಿ’ ಗಂಟುಬಿದ್ದೇ ಇದೆ. ಸೊಫೀಯಾಗೆ ಭೇದಿಯ ಇಂಗ್ಲಿಷ್ ಹೆಸರು ಪೂರ್ಣ ಪ್ರಾಸ. ಹಾಗೆಂದು ಹೆಸರನ್ನೇ ಬಿಡಬೇಕೆಂದಿಲ್ಲ, ಒಂದೊಂದು ಬಾಲಕ್ಕೂ ಎಲ್ಲೋ ಒಂದು ಕೆಟ್ಟ ಪದ ಇದ್ದೇ ಇರುತ್ತದೆ. ಮೊದಲ ಪುಟದ ದಪ್ಪಕ್ಷರದಲ್ಲೇ ಅದು ಕಂಡರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ಕೋಡ್ ಗೊತ್ತಿದ್ದವರಿಗೆ

ಇಡೀ ತರಗತಿಯ ನಲವತ್ತು ಮಕ್ಕಳ ಹೆಸರಿಗೆ ಪ್ರಾಸ ಬೇಕಿದ್ದರೆ ಪೈಥಾನಿನ ‘ಪ್ರೊನೌನ್ಸಿಂಗ್’ ಲೈಬ್ರರಿ ಹಾಕಿಕೊಳ್ಳಿ. ಅದೇ ಕಾರ್ನೆಗಿ ಮೆಲನ್ ಕೋಶವನ್ನು ಇದು ನಿಮ್ಮ ಕಂಪ್ಯೂಟರಿನಲ್ಲೇ ಓದುತ್ತದೆ, ಇನ್‌ಸ್ಟಾಲ್ ಆದ ಮೇಲೆ ಇಂಟರ್‌ನೆಟ್ ಬೇಡ. ಇದರ ‘ರೈಮ್ಸ್’ ಫಂಕ್ಷನ್ನಿಗೆ ಹೆಸರು ಕೊಟ್ಟರೆ, ಕೋಶದಲ್ಲಿಲ್ಲದ ಹೆಸರಾದರೆ ಖಾಲಿ ಪಟ್ಟಿ ಬರುತ್ತದೆ. ಬೇಕಾದದ್ದು ‘ಸರ್ಚ್’ ಫಂಕ್ಷನ್. ಅದಕ್ಕೆ ಬಾಲದ ಧ್ವನಿಗಳನ್ನೇ ಕೊಡಬಹುದು. ಮೀನಾಳ ಬಾಲ ಆ ಕೋಶದ ಲಿಪಿಯಲ್ಲಿ ‘ಐವೈ1 ಎನ್ ಎಎಚ್0’, ಕೊನೆಗೊಂದು ಡಾಲರ್ ಚಿಹ್ನೆ ಹಾಕಿದರೆ ಆ ಧ್ವನಿಗಳಲ್ಲಿ ಮುಗಿಯುವ ಪದಗಳಷ್ಟೇ ಬರುತ್ತವೆ. ಅಕ್ಷರಗಳನ್ನು ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ, ನಡುವೆ ಒಂದೊಂದು ಸ್ಪೇಸ್ ಬಿಟ್ಟು ಬರೆಯಬೇಕು.

ಒತ್ತಿನ ಅಂಕಿಯಲ್ಲಿ ಒಂದು ಗೋಜಲಿದೆ. ‘ಹರಿಕೇನ್’ ಪದದ ಮುಖ್ಯ ಒತ್ತು ಮೊದಲಲ್ಲಿ, ‘ಕೇನ್’ ಮೇಲಿರುವುದು ಉಪ ಒತ್ತು, ಅಂದರೆ ಅಂಕಿ 2. ಜೇನ್‌ಗೆ ಅದು ಸೊಗಸಾದ ಪ್ರಾಸ, ಆದರೆ ಅಂಕಿ 1 ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಸ್ವರದ ಅಂಕಿಯ ಜಾಗದಲ್ಲಿ ಚೌಕ ಆವರಣದೊಳಗೆ 12 ಎಂದು ಬರೆದರೆ ಎರಡೂ ಬರುತ್ತವೆ. ಮೂರಕ್ಷರದ ಒಳ್ಳೊಳ್ಳೆಯ ಪದಗಳು ಹೀಗೇ ತಪ್ಪಿಸಿಕೊಳ್ಳುವುದು.

ಲೈಬ್ರರಿ ಬೇಡವೆನಿಸಿದರೆ ಡೇಟಾಮ್ಯೂಸ್‌ನವರ ಎಪಿಐ ಇದೆ. ದಿನಕ್ಕೆ 1,00,000 ವಿನಂತಿಗಳವರೆಗೆ ಕೀ ಇಲ್ಲದೆ, ಉಚಿತವಾಗಿ ಬಳಸಬಹುದು. ಸಾಮಾನ್ಯವಾಗಿ 100 ಪದ ಕೊಡುತ್ತದೆ, ಕೇಳಿದರೆ 1000ದವರೆಗೆ. ಪ್ರಾಸದ ಜೊತೆಗೆ ಅರ್ಥದ ನಿರ್ಬಂಧವನ್ನೂ ಹಾಕಬಹುದಾದ್ದು ಇದರ ಹೆಚ್ಚುಗಾರಿಕೆ. ಗ್ರೀನ್‌ಗೆ ಪ್ರಾಸವಾಗಬೇಕು, ಅಡುಗೆಗೂ ಸಂಬಂಧಿಸಿರಬೇಕು ಎಂದು ಕೇಳಿದರೆ ಬಾಣಸಿಗ ನವೀನನ ಪದ್ಯಕ್ಕೆ ‘ಕ್ವಿಝೀನ್’ ಹುಡುಕುತ್ತಾ ಪಟ್ಟಿಯಿಡೀ ಓದಬೇಕಾಗಿಲ್ಲ.

ಚಾಟ್‌ಬಾಟ್‌ಗಳನ್ನು ಕೇಳುವವರೂ ಇದ್ದಾರೆ. ಉತ್ತರ ಲಕ್ಷಣವಾಗಿರುತ್ತದೆ, ಆದರೆ ನಿಜವಾದ ಪ್ರಾಸದ ನಡುವೆ ಕಣ್ಣಿನ ಪ್ರಾಸವೂ ಸೇರಿಕೊಳ್ಳುತ್ತದೆ. ಅಲ್ಲೂ ಹೆಸರು ಕೊಡದೆ ಬದಲಿ ಪದ ಕೊಡಿ, ಬಂದದ್ದನ್ನು ಒಂದೊಂದಾಗಿ ಬಾಯಲ್ಲಿ ಹೇಳಿ ಪರೀಕ್ಷಿಸಿ. ಅಚ್ಚಿನ ಪ್ರಾಸಕೋಶ ಮನೆಯಲ್ಲಿದ್ದರೆ ಅದು ಸ್ಪೆಲ್ಲಿಂಗಿನಿಂದ ಜೋಡಿಸಿದ್ದೋ ಧ್ವನಿಯಿಂದ ಜೋಡಿಸಿದ್ದೋ ನೋಡಿಕೊಳ್ಳಿ. ಜಾನ್ ವಾಕರ್ 1775ರಲ್ಲಿ ಹೊರತಂದ ಹೆಸರಾಂತ ಕೋಶ ಪದಗಳನ್ನು ಹಿಂದಿನಿಂದ ಮುಂದಕ್ಕೆ ಅಕ್ಷರಕ್ರಮದಲ್ಲಿ ಜೋಡಿಸಿದ್ದು. ಅಂಥ ಪುಸ್ತಕದಲ್ಲಿ ನೀವ್‌ಗೆ ಸ್ಲೀವ್ ಸಿಗುವ ದಾರಿಯೇ ಇಲ್ಲ.

ಪ್ರಾಸವೇ ಇಲ್ಲದ ಹೆಸರುಗಳು

ಕೃಷ್ಣ, ಲಕ್ಷ್ಮಿ, ದಿವ್ಯಾ, ಕಾವ್ಯಾ, ಅರ್ಜುನ್. ಒತ್ತಕ್ಷರ ಬಂದಲ್ಲಿ ಇಂಗ್ಲಿಷ್ ಬಹುಮಟ್ಟಿಗೆ ಕೈಯೆತ್ತುತ್ತದೆ. ಸುರೇಶ್, ಗಣೇಶ್, ರಮೇಶ್‌ರದೂ ಅದೇ ಕಷ್ಟ. ಫ್ರೆಶ್, ಮೆಶ್ ಹತ್ತಿರ ಬರುತ್ತವೆ, ಆದರೆ ನಮ್ಮ ‘ಏ’ ದೀರ್ಘ, ಅವರದು ಹ್ರಸ್ವ. ಇಂಥಲ್ಲಿ ಪಟ್ಟಿಗಳನ್ನು ಜಾಲಾಡಿ ಪ್ರಯೋಜನವಿಲ್ಲ.

ಮನೆಯಲ್ಲಿ ಕರೆಯುವ ಹೆಸರನ್ನು ಮೊದಲು ನೋಡಿ. ಕೃಷ್ಣಮೂರ್ತಿಗೆ ಏನೂ ಇಲ್ಲ, ಕಿಟ್ಟಿಗೆ ಸಿಟಿ, ವಿಟಿ, ಪ್ರಿಟಿ, ಕಮಿಟಿ ಎಲ್ಲ ಇವೆ. ಶ್ರೀನಿವಾಸ ಸೀನನಾದ ತಕ್ಷಣ ಮೀನಾಳ ಅರೀನಾ-ಮರೀನಾ ಬಳಗಕ್ಕೆ ಸೇರುತ್ತಾನೆ. ನಾರಾಯಣ ನಾಣಿಯಾದರೆ ಅಮೆರಿಕದ ಉಚ್ಚಾರದ ‘ಬಾನಿ’, ‘ಕಾನಿ’ಗಳು ಜೊತೆಯಾಗುತ್ತವೆ. ಗೋಪಾಲಕೃಷ್ಣ ಗೋಪಿಯಾದರೆ ‘ಸೋಪಿ’ ಇದೆ, ‘ಡೋಪಿ’ಯೂ ಇದೆ, ಎರಡನೆಯದನ್ನು ಗೋಪಿ ಸಹಿಸಿಕೊಳ್ಳುವವನಾದರೆ ಮಾತ್ರ ಬಳಸಿ.

ಒಂದು ಪದ ಸಾಲದಿದ್ದರೆ ಎರಡನ್ನು ಕೂಡಿಸಿ. ರೋಹಿತ್‌ಗೆ ‘ನೋ ಇಟ್’, ‘ಶೋ ಇಟ್’, ‘ಥ್ರೋ ಇಟ್’, ಜೊತೆಗೆ ‘ಪೋಯೆಟ್’. ಹಕಾರವೊಂದು ಉಳಿದುಕೊಳ್ಳುತ್ತದೆ, ತಮಾಷೆ ಪದ್ಯದಲ್ಲಿ ಯಾರೂ ಅದನ್ನು ಎಣಿಸುವುದಿಲ್ಲ. ಲಕ್ಷ್ಮಿಗೆ ‘ಡಕ್ಸ್ ಮಿ’, ‘ಪ್ಲಕ್ಸ್ ಮಿ’ ಅಲ್ಲಿಗಲ್ಲಿಗೆ. ಇಂಥ ಜೋಡುಪದಗಳು ತಾಣದ ಸಾಮಾನ್ಯ ಪಟ್ಟಿಯಲ್ಲಿ ಕಡಿಮೆ, ಇವನ್ನು ಬಾಯಲ್ಲೇ ಹುಡುಕಬೇಕು.

ಹೆಸರನ್ನು ಸಾಲಿನ ತುದಿಯಲ್ಲೇ ಇಡಬೇಕೆಂಬ ಶಾಸನವೇನಿಲ್ಲ. ‘ಹ್ಯಾಪಿ ಬರ್ತ್‌ಡೇ, ಸುರೇಶ್, ಮೈ ಫ್ರೆಂಡ್, ಮೇ ದ ಕೇಕ್ ಅಂಡ್ ಕಾಫಿ ನೆವರ್ ಎಂಡ್’ ಎಂದರೆ ಸುರೇಶನೂ ಒಳಗಿದ್ದಾನೆ, ಪ್ರಾಸವೂ ಬಂತು. ಮನೆತನದ ಹೆಸರನ್ನು ತುದಿಗೆ ತಂದರೆ ಇನ್ನೂ ಚೆಂದ. ಸುರೇಶ್ ಶೆಟ್ಟಿಗೆ ಸ್ಪಗೆಟಿ, ಕನ್‌ಫೆಟಿ, ಯೆಟಿ ಸಿಗುತ್ತವೆ. ಸುರೇಶ್ ರಾವ್‌ಗೆ ನೌ, ಹೌ, ವಾವ್. ಭಟ್ಟರಿಗೆ ನಟ್, ಕಟ್, ಷಟ್. ಗೌಡರಿಗೆ ಬ್ರಿಟಿಷ್ ಕಿವಿಯ ಲೌಡರ್, ಪೌಡರ್, ಚೌಡರ್. ಹೆಗಡೆಯವರಿಗೆ ಮಾತ್ರ ‘ಮೈ ಫ್ರೆಂಡ್’ ಬಿಟ್ಟು ಬೇರೆ ದಾರಿ ಕಾಣುತ್ತಿಲ್ಲ.